ಆರು ವಾರದಲ್ಲಿ ನಾಯಿಯನ್ನು ಜರ್ಮನಿಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಮ್ಮ ಯಜಮಾನರಿಗೆ ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ. ಆರು ವಾರದಲ್ಲಿ ಮೈಸೂರಿನ ಮನೆ ಖಾಲಿ ಮಾಡಿ ಹೊರಡಬೇಕು. ನಮ್ಮ ಹತ್ತಿರ ನಾಲ್ಕು ವರ್ಷದ ನಾಟಿ ನಾಯಿ ಇದೆ. ಹೆಸರು ಸೋನಿ, ತೂಕ 17 ಕೆಜಿ. ಪ್ರತಿ ವರ್ಷ ರೇಬೀಸ್ ಇಂಜೆಕ್ಷನ್ ಹಾಕಿಸಿದ್ದೇವೆ, ಕಾರ್ಡ್ ಇದೆ. ಚಿಪ್ ಹಾಕಿಸಿಲ್ಲ. ಅವಳನ್ನು ನಮ್ಮ ಜೊತೆಗೇ ಕರೆದುಕೊಂಡು ಹೋಗಬಹುದಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಜೊತೆಗೇ, ಆರು ವಾರದಲ್ಲಿ, ಆಗುವುದಿಲ್ಲ. ಆದರೆ ಸೋನಿ ಮ್ಯೂನಿಕ್‌ಗೆ ಖಂಡಿತ ಬರಬಹುದು. ನೀವು ಹೋದ ಮೂರು ತಿಂಗಳಿಗೆ ಬರುತ್ತಾಳೆ ಅಷ್ಟೇ. ಆದ್ದರಿಂದ ಅವಳನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂಬ ಮಾತು ಮನೆಯಲ್ಲಿ ಎದ್ದಿದ್ದರೆ ಇವತ್ತೇ ನಿಲ್ಲಿಸಿ. ಅವಸರದಲ್ಲಿ ತಗೊಂಡ ಆ ಒಂದು ತೀರ್ಮಾನಕ್ಕೆ ವರ್ಷಗಟ್ಟಲೆ ಅತ್ತವರನ್ನು ನಾನು ನೋಡಿದ್ದೇನೆ.

ಇಷ್ಟು ದಿನ ಯಾಕೆ ಬೇಕು ಅಂದರೆ, ರೇಬೀಸ್ ಲೆಕ್ಕದಲ್ಲಿ ಯುರೋಪಿಯನ್ ಒಕ್ಕೂಟ ಭಾರತವನ್ನು ಸುರಕ್ಷಿತ ದೇಶಗಳ ಪಟ್ಟಿಯಲ್ಲಿ ಇಟ್ಟಿಲ್ಲ. ಅದಕ್ಕೇ ನಮ್ಮಲ್ಲಿಂದ ಹೋಗುವ ನಾಯಿ, ಬೆಕ್ಕುಗಳಿಗೆ ಒಂದು ಕ್ರಮ ಇದೆ. ಮೊದಲು ಚಿಪ್, ಅಂದರೆ ಚರ್ಮದ ಕೆಳಗೆ ಹಾಕುವ ಗುರುತಿನ ನಂಬರ್. ಆಮೇಲೆ ರೇಬೀಸ್ ಲಸಿಕೆ. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಆದಮೇಲೆ ರಕ್ತ ತೆಗೆಸಿ ಟೈಟರ್ ಟೆಸ್ಟ್, ಅಂದರೆ ಲಸಿಕೆ ಹಿಡಿದಿದೆಯಾ ಎಂದು ನೋಡುವ ರಕ್ತಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ತುಂಬಿದ ಮೇಲೆ ಪ್ರಯಾಣ. ಜೂನ್ 1ಕ್ಕೆ ಚಿಪ್ ಮತ್ತು ಲಸಿಕೆ ಹಾಕಿಸಿದರೆ, ಜುಲೈ 2ಕ್ಕೆ ರಕ್ತ, ಅಕ್ಟೋಬರ್ ಮೊದಲ ವಾರದಲ್ಲಿ ವಿಮಾನ. ಒಟ್ಟು ನಾಲ್ಕು ತಿಂಗಳು ಚಿಲ್ಲರೆ. ದುಡ್ಡು ಜಾಸ್ತಿ ಕೊಟ್ಟರೂ ಈ ದಿನಗಳು ಕಡಿಮೆ ಆಗುವುದಿಲ್ಲ. 'ಅರ್ಜೆಂಟ್ ಮಾಡಿಸಿಕೊಡ್ತೀವಿ' ಅನ್ನುವವರನ್ನು ನಂಬಬೇಡಿ.

'ಪ್ರತಿ ವರ್ಷ ಇಂಜೆಕ್ಷನ್ ಹಾಕಿಸಿದ್ದೇವಲ್ಲ' ಎಂದು ನಿಮಗೆ ಅನ್ನಿಸಬಹುದು. ಅದು ಸೋನಿಯ ಆರೋಗ್ಯಕ್ಕೆ ಒಳ್ಳೆಯದೇ ಆಯಿತು. ಆದರೆ ಕಾಗದದ ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆ ಬಿದ್ದಿದ್ದು ಈ ನಾಯಿಗೇ ಎಂದು ತೋರಿಸುವುದು ಆ ಚಿಪ್ಪಿನ ನಂಬರ್ ಮಾತ್ರ. ಚಿಪ್ ಇಲ್ಲದಾಗ ಹಾಕಿಸಿದ ಲಸಿಕೆ ಯಾವ ನಾಯಿಯದಾದರೂ ಇರಬಹುದಲ್ವಾ? ಹಾಗಾಗಿ ಚಿಪ್ ಆದಮೇಲೆ ಇನ್ನೊಂದು ಸಲ ಲಸಿಕೆ ಹಾಕಿಸಲೇಬೇಕು. ಅದೇ ಮೊದಲನೆಯದು ಎಂದು ಎಣಿಸುತ್ತಾರೆ.

ಈ ಕ್ರಮ ತಪ್ಪಿದ್ದಕ್ಕೆ ನಮ್ಮ ನಾಯಿ ಕರಿಯ ಒಂದು ತಿಂಗಳು ತಡವಾಗಿ ಬಂದ. ನಾವು ಹೋದ ದಿನ ಕ್ಲಿನಿಕ್ಕಿನಲ್ಲಿ ಚಿಪ್ ಮುಗಿದಿತ್ತು. 'ಹೇಗೂ ಬಂದಿದ್ದೀರಿ, ಇಂಜೆಕ್ಷನ್ ಹಾಕಿಬಿಡೋಣ, ಚಿಪ್ ಆಮೇಲೆ ನೋಡೋಣ' ಅಂದರು. ನಾವೂ ಹೂಂ ಅಂದೆವು. ಎರಡು ದಿನ ಬಿಟ್ಟು ಚಿಪ್ ಹಾಕಿದರು. ತಿಂಗಳಾದ ಮೇಲೆ ರಕ್ತ ತೆಗೆಸಲು ಹೋದಾಗ ಇನ್ನೊಬ್ಬ ಡಾಕ್ಟರು ಕಾರ್ಡಿನ ಮೇಲೆ ಬೆರಳಿಟ್ಟು ಎರಡೂ ತಾರೀಖು ತೋರಿಸಿದರು. ಲಸಿಕೆ 11, ಚಿಪ್ 13. ಮತ್ತೆ ಲಸಿಕೆ, ಮತ್ತೆ 30 ದಿನ. ಚಿಪ್ ಇಲ್ಲ ಅಂದರೆ ಸುಮ್ನೆ ವಾಪಸ್ ಬನ್ನಿ. ಒಂದೇ ದಿನ ಎರಡೂ ಮಾಡಿಸಿದರೂ ನಡೆಯುತ್ತದೆ. ಆದರೆ ಚಿಪ್ ಮೊದಲು, ಸೂಜಿ ಆಮೇಲೆ.

ಚಿಪ್ ಅಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಭುಜಗಳ ನಡುವೆ ಚರ್ಮದ ಕೆಳಗೆ ದಪ್ಪ ಸೂಜಿಯಿಂದ ಹಾಕುತ್ತಾರೆ. 15 ಅಂಕಿಯ ಐಎಸ್ಒ ಚಿಪ್ ಎಂದೇ ಕೇಳಿ. ಹಾಕಿದ ಮೇಲೆ ಸ್ಕ್ಯಾನರ್ ಇಟ್ಟು ಓದಿಸಿ, ನಂಬರನ್ನು ಕಾರ್ಡಿನ ಜೊತೆ ನೀವೇ ಹೋಲಿಸಿ ನೋಡಿ. ಮುಂದೆ ಪ್ರತಿ ಕಾಗದದಲ್ಲೂ ಆ 15 ಅಂಕಿ ಬರೆಯುತ್ತಾರೆ. ಒಂದು ಅಂಕಿ ತಪ್ಪಿದರೂ ತೊಂದರೆ.

ಟೈಟರ್ ಟೆಸ್ಟ್ ಅಂದರೆ ರಕ್ತದಲ್ಲಿ ರೇಬೀಸ್ ತಡೆಯುವ ಶಕ್ತಿ ಎಷ್ಟಿದೆ ಎಂದು ಅಳೆಯುವುದು. ಒಂದು ಮಿಲಿಲೀಟರಿಗೆ 0.5 ಐಯು ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿನ ರಿಪೋರ್ಟ್ ಮಾತ್ರ ನಡೆಯುತ್ತದೆ. ಡಾಕ್ಟರು ರಕ್ತ ತೆಗೆದು ಸೀರಂ ಬೇರೆ ಮಾಡಿ, ತಣ್ಣಗಿಟ್ಟು ಅಂಥ ಲ್ಯಾಬಿಗೆ ಕಳಿಸುತ್ತಾರೆ. ಯಾವ ಲ್ಯಾಬ್ ಎಂದು ಮೊದಲೇ ಕೇಳಿ, ಪಟ್ಟಿಯಲ್ಲಿದೆಯಾ ಎಂದು ನೀವೇ ನೋಡಿಕೊಳ್ಳಿ. ಒಂದು ಸಲ ಪಾಸಾದರೆ, ಮುಂದಿನ ಲಸಿಕೆಗಳನ್ನು ಅವಧಿ ಮುಗಿಯುವ ಮೊದಲೇ ಹಾಕಿಸುತ್ತಾ ಬಂದರೆ, ಮತ್ತೆ ಟೆಸ್ಟ್ ಬೇಕಿಲ್ಲ. ನಾಳೆ ಸೋನಿಯನ್ನು ಊರಿಗೆ ಕರೆದುಕೊಂಡು ಬಂದು ವಾಪಸ್ ಹೋಗುವಾಗ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ರಿಪೋರ್ಟ್ ಚೆನ್ನಾಗಿ ಬಂದರೂ ಮೂರು ತಿಂಗಳು ಯಾಕೆ ಕಾಯಬೇಕು? ರೇಬೀಸ್ ವೈರಸ್ ಕಚ್ಚಿದ ಕೂಡಲೇ ಹೊರಗೆ ಕಾಣುವುದಿಲ್ಲ. ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಮೈಯಲ್ಲಿ ಅಡಗಿರುತ್ತದೆ. ಲಸಿಕೆಗೆ ಮೊದಲೇ ಸೋಂಕು ತಗುಲಿದ್ದರೆ ಸಾಮಾನ್ಯವಾಗಿ ಆ ಅವಧಿಯಲ್ಲಿ ಗೊತ್ತಾಗುತ್ತದೆ. ಜರ್ಮನಿಯಲ್ಲಿ ಕಾಡಿನ ನರಿಗಳಿಗೂ ಆಹಾರದಲ್ಲಿ ಲಸಿಕೆ ಇಟ್ಟು ಹಾಕಿ, 2008ರಲ್ಲಿ ದೇಶ ರೇಬೀಸ್‌ನಿಂದ ಮುಕ್ತವಾಯಿತು. ಅಷ್ಟು ಕಷ್ಟಪಟ್ಟವರು ಹುಷಾರಾಗಿರುವುದು ನ್ಯಾಯವೇ. ನಮ್ಮ ಬೀದಿಗಳಲ್ಲಿ ಈ ಕಾಯಿಲೆಗೆ ಇನ್ನೂ ಮಕ್ಕಳು ಸಾಯುತ್ತಿರುವಾಗ ಆ ನಿಯಮದ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಈಗ ನಿಮ್ಮ ಆರು ವಾರದ ವಿಷಯ. ಚಿಪ್, ಲಸಿಕೆ, ರಕ್ತ, ಈ ಮೂರೂ ನೀವು ಮೈಸೂರಿನಲ್ಲಿ ಇರುವಾಗಲೇ ಮುಗಿಯುತ್ತವೆ. ಉಳಿದ ತಿಂಗಳು ಸೋನಿ ಅಜ್ಜಿ ಮನೆಯಲ್ಲೋ, ಅವಳಿಗೆ ಚೆನ್ನಾಗಿ ಗೊತ್ತಿರುವವರ ಮನೆಯಲ್ಲೋ ಇರಲಿ. ಆಮೇಲೆ ನಿಮ್ಮಲ್ಲಿ ಒಬ್ಬರು ಬಂದು ಜೊತೆಯಲ್ಲೇ ಕರೆದುಕೊಂಡು ಹೋಗಿ. ಟಿಕೆಟ್ ಖರ್ಚು ಹೊರೆ ಅನ್ನಿಸುತ್ತದೆ, ಗೊತ್ತು. ಆದರೆ ಸಾಕುಪ್ರಾಣಿ ಅನ್ನುವ ಸುಲಭದ ನಿಯಮ ಸಿಗಬೇಕಾದರೆ ಪ್ರಾಣಿಯ ಮಾಲೀಕರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ 5 ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಅದಕ್ಕಿಂತ ಹೆಚ್ಚಾದರೆ ವ್ಯಾಪಾರದ ಸಾಗಣೆ ಎಂದು ಲೆಕ್ಕ. ಕಾಗದ, ತಪಾಸಣೆ, ಖರ್ಚು ಎಲ್ಲವೂ ಬೇರೆಯಾಗುತ್ತದೆ.

ಕೊನೆಯ ವಾರದ ಕೆಲಸ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯದು. ಎಕ್ಯೂಸಿಎಸ್ ಅನ್ನುತ್ತಾರೆ. ಬೆಂಗಳೂರಿನಲ್ಲೂ ಒಂದು ಇದೆ. ಯುರೋಪಿನ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ಪಶುವೈದ್ಯರ ಸಹಿ, ಮೊಹರು ಬೀಳುವುದು ಅಲ್ಲಿ. ಅದು ಕೊಟ್ಟ 10 ದಿನದೊಳಗೆ ನೀವು ಯುರೋಪಿಗೆ ಕಾಲಿಡಬೇಕು. ಆದ್ದರಿಂದ ಮೊದಲು ವಿಮಾನದ ದಿನ ಗಟ್ಟಿ ಮಾಡಿಕೊಂಡು, ಹಿಂದಕ್ಕೆ ಎಣಿಸಿ ಅಲ್ಲಿಗೆ ಹೋಗಿ.

ಕಾಗದದ ಮಾತು ಸಾಕು. ಸೋನಿಯ ಮಟ್ಟಿಗೆ ಪ್ರಯಾಣ ಅಂದರೆ ಆ ಪೆಟ್ಟಿಗೆ, ಅಂದರೆ ಕ್ರೇಟ್. 17 ಕೆಜಿ ನಾಯಿಯನ್ನು ಸೀಟಿನ ಹತ್ತಿರ ಬಿಡುವುದಿಲ್ಲ. ವಿಮಾನದ ಕೆಳಭಾಗದಲ್ಲಿ, ಗಾಳಿ ಮತ್ತು ಬಿಸಿ ಹದವಾಗಿರುವ ಜಾಗದಲ್ಲಿ ಇಡುತ್ತಾರೆ. ಕ್ರೇಟಿನಲ್ಲಿ ಅವಳು ತಲೆ ತಗ್ಗಿಸದೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ನಿಂತಾಗ ಕಿವಿಯ ತುದಿ ಮೇಲ್ಭಾಗಕ್ಕೆ ತಾಗಬಾರದು. ನಾಲ್ಕೂ ಕಡೆ ಗಾಳಿಯಾಡಬೇಕು, ಬಾಗಿಲು ಕಬ್ಬಿಣದ್ದಿರಬೇಕು, ನೀರಿನ ಬಟ್ಟಲಿಗೆ ಹೊರಗಿನಿಂದಲೇ ನೀರು ಹಾಕುವಂತಿರಬೇಕು.

ಇದನ್ನು ಇವತ್ತೇ ಕೊಂಡು ನಡುಮನೆಯಲ್ಲಿ ಇಡಿ. ನಾವು ಮೊದಲು ಬಾಗಿಲು ಕಳಚಿಟ್ಟೆವು. ಒಳಗೆ ನಮ್ಮ ತಂದೆಯ ಹಳೇ ಲುಂಗಿ ಹಾಸಿದೆವು. ಮೊದಲ ವಾರ ಕರಿಯ ಕತ್ತು ಮಾತ್ರ ಒಳಗೆ ಚಾಚಿ, ಹಿಂಗಾಲು ಹೊರಗೇ ಊರಿ, ಮುದ್ದೆಯ ಉಂಡೆ ಕಚ್ಚಿಕೊಂಡು ಹಿಂದೆ ಸರಿಯುತ್ತಿದ್ದ. ನಾವು ತಳ್ಳಲಿಲ್ಲ. ತಟ್ಟೆಯನ್ನು ದಿನಾ ಒಂದು ಗೇಣು ಒಳಕ್ಕೆ ಸರಿಸಿದೆವು. ಮೂರನೇ ವಾರದ ಒಂದು ಮಧ್ಯಾಹ್ನ ನೋಡಿದರೆ ಲುಂಗಿಯ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದ್ದ. ಆಮೇಲೆ ಬಾಗಿಲು ಹಾಕಿದೆವು. ಐದು ನಿಮಿಷ, ಅರ್ಧ ಗಂಟೆ, ಒಂದು ರಾತ್ರಿ. ಕ್ರೇಟ್ ಸಮೇತ ಕಾರಿನಲ್ಲಿ ಸುತ್ತಾಡಿಸಿದೆವು. ನಾಯಿಗೆ ಈ ಪೆಟ್ಟಿಗೆ ತನ್ನ ಮನೆ ಅನ್ನಿಸಿಬಿಟ್ಟರೆ ಅರ್ಧ ಕಷ್ಟ ಕಳೆಯಿತು. ಇದಕ್ಕೆ ಕೊಟ್ಟ ಸಮಯ ಯಾವತ್ತೂ ದಂಡ ಅಲ್ಲ.

ನಿದ್ದೆ ಮಾತ್ರೆ ಕೊಡಲೇಬೇಡಿ. ರಕ್ತದೊತ್ತಡ ಇಳಿಯುತ್ತದೆ, ಸಮತೋಲ ತಪ್ಪುತ್ತದೆ, ಕೆಳಗೆ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ನಿದ್ದೆ ಮಾತ್ರೆ ಕೊಟ್ಟ ಪ್ರಾಣಿಯನ್ನು ಹತ್ತಿಸಿಕೊಳ್ಳದ ವಿಮಾನ ಕಂಪನಿಗಳೇ ಹೆಚ್ಚು. ಪಗ್, ಬುಲ್‌ಡಾಗ್, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮೂಗಿನವಕ್ಕೆ ಉಸಿರಾಟವೇ ಕಷ್ಟ. ಅವನ್ನು ಹಲವು ಕಂಪನಿಗಳು ಒಯ್ಯುವುದೇ ಇಲ್ಲ. ಆ ವಿಷಯದಲ್ಲಿ ನಮ್ಮ ಉದ್ದ ಮೂತಿಯ ನಾಟಿ ನಾಯಿಗಳು ಗಟ್ಟಿ.

ಊಟದ ಬಗ್ಗೆ ಒಂದು ಮಾತು. ಮಾಂಸ, ಹಾಲು ಸೇರಿದ ಆಹಾರವನ್ನು ಭಾರತದಿಂದ ಯುರೋಪಿಗೆ ಲಗೇಜಿನಲ್ಲಿ ಒಯ್ಯುವಂತಿಲ್ಲ. ನಾಯಿಯ ಆಹಾರಕ್ಕೂ ಅದೇ ನಿಯಮ. ಸೋನಿ ಮೊಸರನ್ನ ತಿಂದು ಬೆಳೆದವಳಾಗಿದ್ದರೆ, ಅಲ್ಲಿ ಸಿಗುವಂಥ ಒಣ ಆಹಾರವನ್ನು ಒಂದೆರಡು ತಿಂಗಳ ಮೊದಲೇ ಸ್ವಲ್ಪ ಸ್ವಲ್ಪ ಬೆರೆಸಿ ರೂಢಿ ಮಾಡಿಸಿ. ಹೊಸ ಊರಿನಲ್ಲಿ ಹೊಟ್ಟೆಯೂ ಕೆಟ್ಟರೆ ಪಾಪ ಅವಳಿಗೆ ತುಂಬಾ ಕಷ್ಟ.

ಬೇರೆ ದೇಶಕ್ಕೆ ಹೊರಟವರು ಇದೇ ಲೆಕ್ಕ ಹಿಡಿಯಬೇಡಿ. ಬ್ರಿಟನ್ನಿಗೆ ಹೋಗುವ ನಾಯಿಗೆ ಇದರ ಜೊತೆ ಲಾಡಿಹುಳದ ಮಾತ್ರೆಯನ್ನು ಇಳಿಯುವ 24ರಿಂದ 120 ಗಂಟೆ ಮೊದಲು ಡಾಕ್ಟರೇ ಕೊಟ್ಟು ಬರೆದಿರಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ ನಿಯಮ ಬಿಗಿ ಮಾಡಿದೆ. ಆರು ತಿಂಗಳು ತುಂಬದ ನಾಯಿಯನ್ನು ಬಿಡುವುದೇ ಇಲ್ಲ. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರವಾಗಿ ಹೋಗಲು ಆಗುವುದಿಲ್ಲ, ಅವರು ಒಪ್ಪಿದ ಇನ್ನೊಂದು ದೇಶದ ಮೂಲಕ ಹೋಗಬೇಕು.

ವಯಸ್ಸಾದ, ಹೃದಯದ ತೊಂದರೆ ಇರುವ ನಾಯಿ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಗೊತ್ತಿರುವ ಅಂಗಳದಲ್ಲಿ, ಗೊತ್ತಿರುವ ಕೈಯಿಂದ ಉಂಡು ಇರುವುದೇ ಅದಕ್ಕೆ ಸುಖ. ಸೋನಿಗೆ ನಾಲ್ಕೇ ವರ್ಷ. ಅವಳು ಹೊಂದಿಕೊಳ್ಳುತ್ತಾಳೆ.

ಮ್ಯೂನಿಕ್‌ನಲ್ಲಿ ಇಳಿದ ಮೇಲೆ, ಹೇಳಿಕೊಳ್ಳಲು ಏನೂ ಇಲ್ಲದವರ ಹಸಿರು ದಾರಿಯಲ್ಲಿ ಹೊರಗೆ ಬಂದುಬಿಡಬೇಡಿ. ಕೆಂಪು ದಾರಿಗೆ ಹೋಗಿ ಕಸ್ಟಮ್ಸ್‌ನವರಿಗೆ ನಾಯಿ ಇದೆ ಎಂದು ಹೇಳಿ, ಕಾಗದ ಕೊಡಿ. ಸ್ಕ್ಯಾನರ್ ಇಟ್ಟು ಚಿಪ್ ಓದುತ್ತಾರೆ. ಮನೆ ಸೇರಿದ ಮೇಲೆ ನಗರಾಡಳಿತದಲ್ಲಿ ಹೆಸರು ಬರೆಸಿ ವರ್ಷದ ನಾಯಿ ತೆರಿಗೆ ಕಟ್ಟಬೇಕು. ಬಾಡಿಗೆ ಮನೆಯ ಕರಾರಿನಲ್ಲಿ ನಾಯಿಗೆ ಒಪ್ಪಿಗೆ ಇದೆಯಾ ಎಂದು ಸಹಿ ಹಾಕುವ ಮೊದಲೇ ನೋಡಿಕೊಳ್ಳಿ. ಮತ್ತೆ ಆ ಹಳೇ ಲುಂಗಿಯನ್ನೋ ಸೀರೆಯನ್ನೋ ಬಂದ ತಕ್ಷಣ ಒಗೆಯಬೇಡಿ. ಕರಿಯ ಇಲ್ಲಿ ಮೊದಲ ಎರಡು ದಿನ ಅದರಲ್ಲಿ ಮೂಗು ಹುದುಗಿಸಿಕೊಂಡೇ ಮಲಗಿದ್ದ. ಮೂರನೇ ದಿನ ತಾನೇ ಎದ್ದು ಬಾಗಿಲ ಹತ್ತಿರ ಬಂದು ನಿಂತ.