ಮಲಗಿದ ಹೊಗೆಯನ್ನು ಎಬ್ಬಿಸಲು ಎಷ್ಟು ಗಾಳಿ ಬೇಕು?

ಡಿಸೆಂಬರ್ ತಿಂಗಳಲ್ಲಿ ಬೆಳ್ಳಂಬೆಳಗ್ಗೆ ಹಳ್ಳಿ ಕಡೆ ಹೋದವರು ಇದನ್ನು ನೋಡಿರುತ್ತೀರಿ. ಬಚ್ಚಲಮನೆಯ ಹಂಡೆ ಒಲೆಯಿಂದ ಎದ್ದ ಹೊಗೆ ಹೆಂಚಿನ ಮೇಲೆ ಸ್ವಲ್ಪ ಏರುತ್ತದೆ, ಆಮೇಲೆ ಚಾಪೆ ಹಾಸಿದ ಹಾಗೆ ಅಲ್ಲೇ ಮಲಗಿಬಿಡುತ್ತದೆ. ಗಾಳಿ ಪೂರ್ತಿ ನಿಂತಿರುವುದಿಲ್ಲ. ಹೊಗೆಯ ಚಾಪೆ ಮೆಲ್ಲಗೆ ತೋಟದ ಕಡೆ ಜಾರುತ್ತಲೇ ಇರುತ್ತದೆ. ಆದರೆ ಚದುರುವುದಿಲ್ಲ.

ಗಾಳಿ ಬೀಸುವುದು ಬೇರೆ, ಕಲಕುವುದು ಬೇರೆ. ಈ ಕಲಕಾಟವೇ ಟರ್ಬುಲೆನ್ಸ್. ಗಾಳಿ ಜೋರಾದಷ್ಟೂ ಟರ್ಬುಲೆನ್ಸ್ ಜಾಸ್ತಿ, ಅಷ್ಟೇ ಅಲ್ವಾ? ಜೋರು ಗಾಳಿಯ ದಿನಕ್ಕೆ ಈ ಮಾತು ಹೆಚ್ಚುಕಡಿಮೆ ಸರಿ. ನೆಲಕ್ಕೆ ಅಂಟಿದ ಗಾಳಿಯ ವೇಗ ಸೊನ್ನೆ, ಮೇಲೆ ಹೋದಂತೆ ವೇಗ ಹೆಚ್ಚು. ಈ ವ್ಯತ್ಯಾಸದಿಂದಲೇ ಸುಳಿಗಳು ಹುಟ್ಟುತ್ತವೆ. ಬಯಲಿನಲ್ಲಿ ಗಾಳಿಯ ವೇಗ ಎರಡರಷ್ಟಾದರೆ ಅದರ ಏರಿಳಿತವೂ ಸುಮಾರು ಎರಡರಷ್ಟಾಗುತ್ತದೆ, ಸುಳಿಗಳ ಶಕ್ತಿ ನಾಲ್ಕರಷ್ಟಾಗುತ್ತದೆ. ಗಾಳಿ ಕಮ್ಮಿ ಇದ್ದರೂ ಹಗಲಲ್ಲಿ ಬಿಸಿಲಿಗೆ ಕಾದ ನೆಲ ಗಾಳಿಯನ್ನು ಮೇಲಕ್ಕೆ ಕುದಿಸುತ್ತಿರುತ್ತದೆ.

ರಾತ್ರಿಯ ಲೆಕ್ಕವೇ ಬೇರೆ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ. ಈಗ ಒಂದು ಸುಳಿ ತಿರುಗಬೇಕೆಂದರೆ ಭಾರದ ಗಾಳಿಯನ್ನು ಮೇಲಕ್ಕೆ ಎತ್ತಬೇಕು. ಸುಮ್ನೆ ಆಗುವ ಕೆಲಸವಲ್ಲ.

ಈ ಜಗ್ಗಾಟಕ್ಕೆ ಒಂದು ಅಳತೆಗೋಲು ಕೊಟ್ಟವರು ಇಂಗ್ಲೆಂಡಿನ ಹವಾಮಾನ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್, 1920ರಲ್ಲಿ. ತಣ್ಣನೆ ಗಾಳಿಯ ತಡೆಯನ್ನು, ಪದರಗಳ ನಡುವಿನ ವೇಗದ ವ್ಯತ್ಯಾಸದ ವರ್ಗದಿಂದ ಭಾಗಿಸಬೇಕು. ಉತ್ತರ ಸುಮಾರು 0.25ಕ್ಕಿಂತ ಕೆಳಗಿಳಿದರೆ ಸುಳಿಗಳು ಹುಟ್ಟಿಕೊಳ್ಳಬಹುದು. ಇಲ್ಲಿ ಆ 'ವರ್ಗ'ವೇ ಮುಖ್ಯ. ವೇಗದ ವ್ಯತ್ಯಾಸ ಎರಡರಷ್ಟಾದರೆ ಉತ್ತರ ಕಾಲು ಭಾಗಕ್ಕೆ ಕುಸಿಯುತ್ತದೆ.

1999ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಾನ್ಸಾಸ್ ಬಯಲಲ್ಲಿ ವಿಜ್ಞಾನಿಗಳು 60 ಮೀಟರ್ ಎತ್ತರದ ಗೋಪುರ ನಿಲ್ಲಿಸಿ, ಉದ್ದಕ್ಕೂ ಉಪಕರಣ ಕಟ್ಟಿ, ರಾತ್ರಿಗಾಳಿಯನ್ನು ಅಳೆದರು. ಜೀಲುನ್ ಸನ್ ಮತ್ತು ಸಂಗಡಿಗರು 2012ರಲ್ಲಿ ಗಾಳಿಯ ವೇಗ ಹೆಚ್ಚಿದಂತೆ ಟರ್ಬುಲೆನ್ಸ್ ಎಷ್ಟು ಹೆಚ್ಚುತ್ತದೆಂದು ಆ ಲೆಕ್ಕಗಳಿಂದ ಎಳೆದ ಗೆರೆ, ಹಾಕಿ ಆಟದ ಸ್ಟಿಕ್‌ನ ಆಕಾರದಲ್ಲಿತ್ತು. ಗಾಳಿ ಮೆಲ್ಲಗಿದ್ದಾಗ ವೇಗ ಸ್ವಲ್ಪ ಹೆಚ್ಚಿದರೂ ಟರ್ಬುಲೆನ್ಸ್ ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ. ಒಂದು ಹೊಸ್ತಿಲು ದಾಟಿತೋ, ಅಲ್ಲಿಂದ ವೇಗದ ಜೊತೆಗೇ ಏರುತ್ತಾ ಹೋಗುತ್ತದೆ. ಎತ್ತರ ಹೆಚ್ಚಿದಂತೆ ಹೊಸ್ತಿಲೂ ಹೆಚ್ಚು, ಏಕೆಂದರೆ ಅಲ್ಲಿಂದ ನೆಲದವರೆಗೆ ಚಾಚುವ ದೊಡ್ಡ ಸುಳಿ ಬೇಕು, ಅಷ್ಟು ದೊಡ್ಡ ಸುಳಿಗೆ ಜೋರು ಗಾಳಿಯೇ ಬೇಕು.

ಹೊಸ್ತಿಲು ದಾಟಿದ ಮೇಲೆ ಆಗುವುದು ನನಗೆ ಇನ್ನೂ ಸೊಗಸಾಗಿ ಕಾಣುತ್ತದೆ. ಸುಳಿಗಳು ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಗಿನ ತಣ್ಣನೆ ಗಾಳಿಗೆ ಬೆರೆಸುತ್ತವೆ. ಪದರಗಳ ವ್ಯತ್ಯಾಸ ಕರಗುತ್ತದೆ. ಅಂದರೆ ತಮಗೆ ಅಡ್ಡವಾಗಿದ್ದ ತಡೆಯನ್ನು ಸುಳಿಗಳೇ ಕೆಡವುತ್ತವೆ! ಮೋಡವಿಲ್ಲದ ರಾತ್ರಿಯಲ್ಲೂ ಗಾಳಿ ಚೆನ್ನಾಗಿ ಬೀಸಿದರೆ ಅಷ್ಟು ಚಳಿ ಕೂರದಿರುವುದು, ಇಬ್ಬನಿ ಕಟ್ಟದಿರುವುದು ಇದರಿಂದಲೇ.

ಇದು ಹೊಲಕ್ಕೂ ಬರುತ್ತದೆ. ಮುಂಜಾನೆ ಎಲೆಯೂ ಅಲ್ಲಾಡುತ್ತಿಲ್ಲ, ಬೆಳೆಗೆ ಔಷಧಿ ಹೊಡೆಯಲು ಒಳ್ಳೆ ಹೊತ್ತು ಎಂದು ಅನ್ನಿಸುತ್ತದೆ. ಆದರೆ ಪಂಪಿನಿಂದ ಬಂದ ತೀರಾ ಸಣ್ಣ ಹನಿಗಳು ಆಗ ಬೇಗ ಇಳಿಯುವುದೂ ಇಲ್ಲ, ಮೇಲೇರಿ ತೆಳುವಾಗುವುದೂ ಇಲ್ಲ. ಹೊಗೆಯ ಹಾಗೆ ಚಾಪೆಯಾಗಿ ಪಕ್ಕದವರ ಹೊಲಕ್ಕೆ ಜಾರುತ್ತವೆ. ಬಿಸಿಲು ಸ್ವಲ್ಪ ಏರಿ, ಮೆಲ್ಲಗೆ ಎಲೆ ಅಲ್ಲಾಡುವಷ್ಟು ಗಾಳಿ ಶುರುವಾಗುವವರೆಗೆ ಪಂಪು ಬದುವಿನ ಮೇಲೇ ಇರಲಿ.