ಇಲಿ ಹಿಡಿಯುವವನು ಡಾಕ್ಟರ್ ಹತ್ತಿರ ಸೇರಿದ ಮೇಲೆ

"ಅಕ್ಕಾ, ನಾನು ಇಲಿ ಹಿಡಿಯೋ ಕೆಲಸ ಬಿಟ್ಟು ಡಾಕ್ಟರ್ ಹತ್ರ ಸೇರ್ಕೊಂಡ್ರೆ, ಇಷ್ಟು ದಿನ ಕಲಿತಿದ್ದೆಲ್ಲ ಹೋಗ್ಬಿಡುತ್ತಾ?"

ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತಾ ಆಡುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ನಡೆಸಿಕೊಡುವುದು ನನ್ನ ಕೆಲಸ. ಪಾತ್ರದ ಅಂಕಗಳನ್ನೆಲ್ಲ ಬರೆದಿಡುವ ಹಾಳೆ ಕೈಗೆ ಕೊಟ್ಟು ನಾಲ್ಕು ಸೆಷನ್ ಆಗುವಷ್ಟರಲ್ಲಿ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ. ಈ ಸಲ ಕೇಳಿದ ಹುಡುಗ ಆಡುತ್ತಿದ್ದದ್ದು ವಾರ್‌ಹ್ಯಾಮರ್ ಫ್ಯಾಂಟಸಿ ರೋಲ್‌ಪ್ಲೇ.

ಇದು 1986ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ತಂದ ಆಟ. ಹಳೆಯ ಜರ್ಮನ್ ನಾಡುಗಳ ಛಾಯೆಯಲ್ಲಿ ಕಟ್ಟಿದ ಒಂದು ಕೆಸರು ಕೆಸರಾದ ಸಾಮ್ರಾಜ್ಯ. ಇಲ್ಲಿ ನೀವು ವೀರ, ಮಾಂತ್ರಿಕ ಅಂತ ಶುರು ಮಾಡುವುದಿಲ್ಲ. ದಾಳ ಉರುಳಿಸಿದರೆ ಒಂದು ಕಸುಬು ಬರುತ್ತದೆ. ಭಿಕ್ಷುಕ ಬರಬಹುದು, ಕಾವಲುಗಾರ ಬರಬಹುದು. ನಮ್ಮ ಹುಡುಗನಿಗೆ ಬಂದದ್ದು ಇಲಿ ಹಿಡಿಯುವವನು. ಆಸ್ತಿ ಅಂತ ಇದ್ದದ್ದು ಒಂದು ಕವಣೆ, ಒಂದು ಗೋಣಿಚೀಲ, ಮತ್ತೆ ಒಂದು ಪುಟ್ಟ, ಆದರೆ ಮಹಾ ಕಚ್ಚುಬಾಯಿಯ ನಾಯಿ. ಆ ನಾಯಿ ಈ ಆಟದ ಅಭಿಮಾನಿಗಳಲ್ಲಿ ಎಷ್ಟು ಫೇಮಸ್ ಅಂದರೆ, ಅದಕ್ಕಾಗಿಯೇ ಈ ಕಸುಬು ಬೇಕು ಅನ್ನುವವರಿದ್ದಾರೆ.

(ನಿಯಮದ ಪುಸ್ತಕದಲ್ಲಿ ಕೆರಿಯರ್ ಅಂತ ಇರುವುದನ್ನು ನಾನು ಕಸುಬು ಅನ್ನುತ್ತೇನೆ. ವೃತ್ತಿ ಅಂದರೆ ಅರ್ಜಿ ತುಂಬಿಸಿದ ಹಾಗೆ ಕೇಳಿಸುತ್ತದೆ.)

ನಾವು ಆಡುವುದು 2018ರಲ್ಲಿ ಕ್ಯೂಬಿಕಲ್ 7 ತಂದ ನಾಲ್ಕನೇ ಆವೃತ್ತಿ. ಇದರಲ್ಲಿ 64 ಕಸುಬು, ಒಂದೊಂದಕ್ಕೂ 4 ಮೆಟ್ಟಿಲು. ಆಡಿದ್ದಕ್ಕೆ ಸಿಗುವ ಅನುಭವದ ಅಂಕಕ್ಕೆ ಎಕ್ಸ್‌ಪಿ ಅನ್ನುತ್ತೇವೆ. ಅದನ್ನು ಕೊಟ್ಟು ಸ್ಕಿಲ್ ಏರಿಸಿಕೊಳ್ಳಬೇಕು. ಹುಡುಗನ ಹಾಳೆಯನ್ನೇ ನೋಡೋಣ. ನೆಲದಡಿ ಸದ್ದಿಲ್ಲದೆ ಓಡಾಡುವ ಸ್ಕಿಲ್‌ಗೆ ನಾವು ಕಳ್ಳಹೆಜ್ಜೆ ಅಂತ ಹೆಸರಿಟ್ಟಿದ್ದೇವೆ. ಅವನ ಮೈಚುರುಕು ಅನ್ನುವ ಮೂಲಗುಣ 35, ಅದರ ಮೇಲೆ ಸ್ಕಿಲ್ 10, ಒಟ್ಟು 45. ನೂರರ ದಾಳದಲ್ಲಿ 45 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಗೆದ್ದ ಹಾಗೆ. ಸ್ಕಿಲ್ಲನ್ನು 5ರಿಂದ 10ಕ್ಕೆ ಏರಿಸಲು ಅವನು ಕೊಟ್ಟದ್ದು 75 ಎಕ್ಸ್‌ಪಿ.

ಈಗ ಕಸುಬು ಬದಲಿಸಬೇಕು. ಮೊದಲ ಮೆಟ್ಟಿಲು ಮುಗಿಸಿದ್ದಾನೆ, ಹಾಗಾಗಿ 100 ಎಕ್ಸ್‌ಪಿ ಕೊಟ್ಟರೆ ಸಾಕು. ವೈದ್ಯನ ಶಿಷ್ಯ ಓದು ಬಲ್ಲವರ ವರ್ಗಕ್ಕೆ ಸೇರಿದವನು, ಇಲಿ ಹಿಡಿಯುವವನು ಪೇಟೆ ಮಂದಿಯ ವರ್ಗದವನು. ವರ್ಗ ದಾಟುವುದಕ್ಕೆ ಇನ್ನೂ 100. ಇಷ್ಟು ಕೊಟ್ಟ ಮೇಲೆ ಅವನ ಕಳ್ಳಹೆಜ್ಜೆ ಏನಾಯಿತು? ಏನೂ ಆಗಲಿಲ್ಲ. 45 ಇತ್ತು, 45 ಇದೆ. ದುಬಾರಿಯಾದದ್ದು ಮುಂದಿನ ಬೆಳವಣಿಗೆ ಮಾತ್ರ. ಹಳೆ ಕಸುಬಿನಲ್ಲೇ ಇದ್ದಿದ್ದರೆ ಹನ್ನೊಂದನೇ ಅಂಕಕ್ಕೆ 20 ಎಕ್ಸ್‌ಪಿ ಸಾಕಿತ್ತು. ಈಗ ಅದು ಕಸುಬಿನ ಹೊರಗಿನ ಸ್ಕಿಲ್, ಎರಡು ಪಟ್ಟು ಕೊಡಬೇಕು, 40. ತಾಳಿಕೆ ಅನ್ನುವ ಸ್ಕಿಲ್ ಎರಡೂ ಕಸುಬಿನ ಪಟ್ಟಿಯಲ್ಲಿದೆ, ಅದು ಹಳೆ ದರದಲ್ಲೇ ಏರುತ್ತಾ ಹೋಗುತ್ತದೆ. ಎರಡೂ ಪಟ್ಟಿಯಲ್ಲಿರುವ ಇನ್ನೊಂದು ವಿದ್ಯೆ ಯಾವುದು ಗೊತ್ತಾ? ತಲೆಗೆ ಹೊಡೆದು ಮಂಕು ಮಾಡುವುದು. ಅರಿವಳಿಕೆ ಇಲ್ಲದ ಕಾಲದ ಡಾಕ್ಟರ್ ಅಲ್ವಾ!

ಎಲ್ಲ ಆಟಗಳೂ ಇಷ್ಟು ಧಾರಾಳ ಅಲ್ಲ. 1978ರ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಇಂಥದ್ದೇ ಇನ್ನೊಂದು ಆಟದ ಆಟಗಾರರ ಕೈಪಿಡಿಯಲ್ಲಿ, ಕತ್ತಿ ಹಿಡಿದವನು ಮಾಂತ್ರಿಕನಾಗಲು ಹೊರಟರೆ ಹೊಸ ಕಸುಬಿನ ಮಟ್ಟ ಹಳೆಯದರ ಮಟ್ಟವನ್ನು ದಾಟುವ ತನಕ ಹಳೆ ವಿದ್ಯೆ ಮುಟ್ಟುವಂತಿಲ್ಲ. ಮುಟ್ಟಿದರೆ ಅನುಭವದ ಅಂಕಕ್ಕೆ ಕತ್ತರಿ. ಯಾಕೆ ಹಾಗೆ ಮಾಡಿದರು ಅಂತ ಅರ್ಥವಾಗುತ್ತದೆ. ಹಳೆ ಕತ್ತಿಯ ಬಲದಲ್ಲೇ ಎಲ್ಲ ಗೆದ್ದು ಮಂತ್ರ ಕಲಿಯುವ ಸೋಮಾರಿತನ ತಪ್ಪಿಸಬೇಕಿತ್ತು. ಆದರೂ ನನಗೆ ಅದು ಒಗ್ಗುವುದಿಲ್ಲ. ಎದುರಿಗೆ ರಾಕ್ಷಸ ನಿಂತಿರುವಾಗ, ಹತ್ತು ವರ್ಷ ಕತ್ತಿ ಬೀಸಿದ ಕೈ ಸುಮ್ನೆ ಇರುತ್ತಾ?

ಇನ್ನು ನಾನೇ ಮಾಡಿಕೊಂಡ ಎಡವಟ್ಟು. ಬಳಸದ ಸ್ಕಿಲ್ ತುಕ್ಕು ಹಿಡಿಯಬೇಕು, ಅದೇ ನಿಜಕ್ಕೆ ಹತ್ತಿರ ಅಂದುಕೊಂಡು ಪುಸ್ತಕದಲ್ಲಿಲ್ಲದ, ನನ್ನದೇ ಒಂದು ಮನೆನಿಯಮ ತಂದೆ. ಮೂರು ಸೆಷನ್ ಬಳಸದಿದ್ದರೆ ಒಂದು ಅಂಕ ಕಡಿಮೆ. ಎರಡನೇ ವಾರಕ್ಕೇ ನನ್ನ ಟೇಬಲ್ ನೋಡುವಂತಿರಲಿಲ್ಲ. ಬ್ರೆಡ್ ತರಲು ಹೊರಟವನು ಕಳ್ಳಹೆಜ್ಜೆ ಹಾಕಿಕೊಂಡು ಹೋದ. ಇನ್ನೊಬ್ಬಳು ಊಟದ ಮಧ್ಯೆ ಎದ್ದು ಗೋಡೆ ಹತ್ತಿದಳು. ಯಾಕಮ್ಮಾ ಅಂದರೆ, "ಅಂಕ ಉಳಿಸ್ಕೋಬೇಕಲ್ಲ ಅಕ್ಕಾ." ಕಥೆ ಅಲ್ಲೇ ಸತ್ತಿತು. 1978ರ ರೂನ್‌ಕ್ವೆಸ್ಟ್ ಅನ್ನುವ ಆಟದಲ್ಲಿ ಸ್ಕಿಲ್ ಬಳಸಿ ಗೆದ್ದರೆ ಅದು ಏರುವ ಅವಕಾಶ ಸಿಗುತ್ತದೆ. ಅಲ್ಲೂ ಗೆದ್ದ ಸ್ಕಿಲ್ ಪಕ್ಕ ಟಿಕ್ ಹಾಕಿಸಿಕೊಳ್ಳಲು ಇದೇ ಥರ ಒದ್ದಾಡುವವರು ಸಿಗುತ್ತಾರೆ. ಆದರೆ ಏರಿಕೆಯ ಆಸೆಗಿಂತ ಇಳಿಕೆಯ ಭಯ ಜಾಸ್ತಿ ಕೆಡಿಸುತ್ತದೆ. ಮೂರನೇ ವಾರ ನಿಯಮ ಹರಿದು ಹಾಕಿದೆ.

ಈಗ ನಾನು ಮಾಡುವುದೇ ಬೇರೆ. ಹಾಳೆಯ ಅಂಕ ಮುಟ್ಟುವುದಿಲ್ಲ. ಬಹಳ ದಿನ ಬಿಟ್ಟ ಕೆಲಸಕ್ಕೆ ಮರಳಿದಾಗ ಮೊದಲ ದಾಳಕ್ಕೆ ಮಾತ್ರ ಪರಿಸ್ಥಿತಿಯ ಕಾರಣಕ್ಕೆ 10 ಕಳೆಯುತ್ತೇನೆ. ಆ ಕಾರಣ ಕಣ್ಣಿಗೆ ಕಾಣುವಂತಿರಬೇಕು, ಸುಮ್ನೆ "ಮರೆತುಹೋಗಿದೆ" ಅಂದರೆ ಆಗುವುದಿಲ್ಲ. ಬೀಗ ಹೊಸ ಥರದ್ದು, ದಾರಿ ಮುಚ್ಚಿದೆ, ಕಾಲಲ್ಲಿ ಬೇರೆ ಬೂಟು, ಇಂಥದ್ದು. ಎರಡನೇ ದಾಳದಿಂದ ಪೂರ್ತಿ ಅಂಕ. ಜೊತೆಗೆ ಹಳೆ ಕಸುಬಿನ ಗೆಳೆಯರು, ಸಾಮಾನು, ಬೀದಿಯಲ್ಲಿದ್ದ ಹೆಸರು ಏನಾಯಿತು ಅಂತ ಕೇಳುತ್ತೇನೆ. ಸವೆಯುವುದಿದ್ದರೆ ಅವು ಸವೆಯಲಿ.

ಹೋದ ತಿಂಗಳು ನಮ್ಮ ಹುಡುಗ ಆ ಸಾಮ್ರಾಜ್ಯದ ರಾಜಧಾನಿ ಆಲ್ಟ್‌ಡಾರ್ಫ್‌ನ ಚರಂಡಿಗೆ ಮತ್ತೆ ಇಳಿಯಬೇಕಾಯಿತು. ಡಾಕ್ಟರ್‌ಗೆ ಬರಬೇಕಿದ್ದ ಒಂದು ಹೆಣ ಅಲ್ಲಿ ಸಿಕ್ಕಿಕೊಂಡಿತ್ತು. ಮೈಮೇಲೆ ಒಗೆದ ಕೋಟು, ಕೈಯಲ್ಲಿ ಔಷಧದ ಪೆಟ್ಟಿಗೆ, ಕಾಲಲ್ಲಿ ಟಕಟಕ ಅನ್ನುವ ಪೇಟೆ ಬೂಟು. 45ರಲ್ಲಿ 10 ಕಳೆದು 35. ದಾಳ 31 ಬಿತ್ತು. ಟೇಬಲ್ ಕುಣಿದಾಡಿತು. ಅವನು ಗೋಡೆಗೆ ಒತ್ತಿಕೊಂಡು ಮೂಲೆ ತಿರುಗಿದ. ಕತ್ತಲಲ್ಲಿ ಯಾವುದೋ ಪ್ರಾಣಿ ಗುರ್ ಅನ್ನುವುದು ಕೇಳಿಸಿತು ಅಂತ ನಾನು ಹೇಳಿದೆ.

ಅವನು ಹಾಳೆ ಮೇಲೆ ಕೆಳಗೆ ನೋಡಿದ. ಡಾಕ್ಟರ್ ಮನೆಗೆ ಹೊರಟ ದಿನ ನಾಯಿಯನ್ನು ಹೆಂಡದಂಗಡಿಯ ಹಿತ್ತಲಲ್ಲಿ ಬಿಟ್ಟುಬಂದಿದ್ದ.

"ಅಕ್ಕಾ... ಅದು ನಂದೇನಾ?"