ಫ್ರಾನ್ಸಿಸ್ ಹಂಚಿದ್ದಲ್ಲ, ಅಪ್ಪನಿಗೆ ವಾಪಸ್ ಕೊಟ್ಟದ್ದು

ಪ್ರಶ್ನೆ: ಸಂತ ಫ್ರಾನ್ಸಿಸ್ ಅಂಗಿ ಕಳದು ನಿಂತ ಚಿತ್ರ ಅದಲ್ರಿ ಸರ್, ಅಪ್ಪನ ಆಸ್ತಿಯೆಲ್ಲ ಬಡವರಿಗಿ ಹಂಚಿದ್ದೇ ಅದರಾಗ ತೋರಿಸ್ಯಾರೇನ್ರಿ? – ಕಲಬುರಗಿ

ಅಲ್ರಿ. ಸೇಡಂನವರು ಕೇಳಿದಾಗಲೂ ಇದೇ ಹೇಳಿದ್ದೆ, ಆಳಂದದವರಿಗೂ ಇದನ್ನೇ ಬರೆದಿದ್ದೆ.

ದಾಸೋಹದ ಸೀಮೆಯವರು ನಾವು, ತ್ಯಾಗ ಅಂದ ಕೂಡಲೇ ಪಂಕ್ತಿ ಕೂತ ಜನ ಕಣ್ಣಿಗೆ ಬರ್ತಾರೆ. ಆದರೆ ಫ್ರಾನ್ಸಿಸ್‌ನ ಊರು ಇಟಲಿಯ ಅಸ್ಸೀಸಿಯಲ್ಲಿ, ಅವನ ಹೆಸರಿನ ಬಸಿಲಿಕಾದ, ಅಂದರೆ ದೊಡ್ಡ ಚರ್ಚಿನ, ಮೇಲಂತಸ್ತಿನ ಗೋಡೆಯ ಮೇಲಿರುವ ಆ ಚಿತ್ರದಲ್ಲಿ ದಾನಕ್ಕೆ ಕೈಯೊಡ್ಡಿದ ಬಡವ ಒಬ್ಬನಾದರೂ ಇದ್ದಾನೆಯೇ, ಹುಡುಕಿ. ಸಿಗುವುದಿಲ್ಲ. ಎಡಗಡೆ ಸಿಟ್ಟಿನಿಂದ ಮುನ್ನುಗ್ಗುತ್ತಿರುವ ಅಪ್ಪನ ತೋಳು ನೋಡಿ. ಅದರ ಮೇಲೆ ಮಗನ ಬಟ್ಟೆಗಳಿವೆ! ಉತ್ತರವೆಲ್ಲ ಆ ತೋಳಿನ ಮೇಲೇ ಇದೆ.

ಅಪ್ಪ ಪಿಯೆತ್ರೊ ಬರ್ನಾರ್ದೊನೆ ಬಟ್ಟೆ ವ್ಯಾಪಾರಿ. ಮಗ ಅಂಗಡಿಯ ಬಟ್ಟೆಯನ್ನೂ ಕುದುರೆಯನ್ನೂ ಫೊಲಿನ್ಯೊ ಪಟ್ಟಣದಲ್ಲಿ ಮಾರಿ, ಪಾಳುಬಿದ್ದ ಸಾನ್ ದಾಮಿಯಾನೊ ಗುಡಿಯ ದುರಸ್ತಿಗೆ ಹಣ ಕೊಡಹೋದ. ಅಲ್ಲಿನ ಪಾದ್ರಿ ಮುಟ್ಟಲಿಲ್ಲ. ಅಪ್ಪ ದೂರು ಕೊಟ್ಟ. 1206ರ ಸುಮಾರಿಗೆ ಬಿಷಪ್ ಗುಯಿದೊ ಎದುರು ನ್ಯಾಯ ಕೂಡಿತು. ಹಣ ತಿರುಗಿ ಕೊಡು ಅಂದರು ಬಿಷಪ್. ಫ್ರಾನ್ಸಿಸ್ ಹಣವನ್ನಷ್ಟೇ ಅಲ್ಲ, ಮೈಮೇಲಿನ ಬಟ್ಟೆಯನ್ನೂ ಬಿಚ್ಚಿ ಕೊಟ್ಟು, ಇನ್ನು ನನ್ನ ತಂದೆ ಸ್ವರ್ಗದಲ್ಲಿರುವವನೊಬ್ಬನೇ ಅಂದ. ಇದು ದಾನವಲ್ಲ, ಲೆಕ್ಕ ಚುಕ್ತಾ. ತಂದೆ-ಮಗನ ಸಂಬಂಧವೂ ಅಲ್ಲಿಗೆ ಚುಕ್ತಾ. ಚಿತ್ರದ ನಟ್ಟನಡುವೆ ಬಿಟ್ಟ ಖಾಲಿ ಜಾಗ ಅದನ್ನೇ ಹೇಳುತ್ತದೆ. ನನ್ನನ್ನು ಕೇಳಿದರೆ ಇಡೀ ಚಿತ್ರದ ಜಾಣತನ ಆ ಖಾಲಿ ಜಾಗದಲ್ಲಿದೆ.

ಹಂಚಿದವನೂ ಒಬ್ಬನಿದ್ದ. ಫ್ರಾನ್ಸಿಸ್‌ನ ಮೊದಲ ಜೊತೆಗಾರ, ಕ್ವಿಂತವಾಲೆಯ ಬರ್ನಾರ್ಡ್. ಅವನೂ ಸಿರಿವಂತ. ಸ್ವಂತದ್ದೆಲ್ಲ ಮಾರಿ ಬಡವರಿಗೆ ಕೊಟ್ಟ. ಅವನ ಕತೆಯನ್ನು ಇವನ ಚಿತ್ರಕ್ಕೆ ಅಂಟಿಸಬೇಡಿ.

ಬಲಗಡೆ ಬಿಷಪ್ ಫ್ರಾನ್ಸಿಸ್‌ನ ಸೊಂಟಕ್ಕೆ ಬಟ್ಟೆ ಸುತ್ತುತ್ತಿದ್ದಾರೆ. ಅಕ್ಕಮಹಾದೇವಿಯನ್ನು ನೆನೆಯುವವರು ನೆನೆಯಿರಿ, ಆದರೆ ಅಕ್ಕ ಕೌಶಿಕನ ಅರಮನೆ ಬಿಟ್ಟು ಹೊರಟಾಗ ಮೈ ಮುಚ್ಚಿದ್ದು ಅವಳದೇ ಕೂದಲು. ಇಲ್ಲಿ ಮುಚ್ಚುವವರು ಬಿಷಪ್. ಇನ್ನು ಇವನ ಹೊಣೆ ಚರ್ಚಿನದು ಅಂತ ಅದರ ಅರ್ಥ. ಚಿತ್ರಕಾರ ಜಿಯೊತ್ತೊ ಅಂತ ರೂಢಿ, ಪಂಡಿತರಲ್ಲಿ ಜಗಳ ಇನ್ನೂ ಮುಗಿದಿಲ್ಲ.

ಏಳುನೂರು ವರ್ಷವಾದರೂ ಬಣ್ಣ ಯಾಕೆ ಉಳಿದಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಬೇಕಿತ್ತು, ಸುಣ್ಣದಕಲ್ಲಿನ ಜಿಲ್ಲೆಯವರು ನಾವು. ಸುಣ್ಣದ ಗಾರೆ ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚುತ್ತಿದ್ದರು, ಫ್ರೆಸ್ಕೊ ಅನ್ನುವುದು ಇದಕ್ಕೇ. ಗಾರೆ ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸೆರೆ. ಅದಕ್ಕೇ ಒಂದು ದಿನಕ್ಕೆ ಮುಗಿಯುವಷ್ಟೇ ಗಾರೆ ಬಳಿಯುವುದು. ಅಝುರೈಟ್ ಅನ್ನುವ ಖನಿಜದ ನೀಲಿ ಮಾತ್ರ ಹಸಿ ಗಾರೆಗೆ ಒಗ್ಗದು. ಒಣಗಿದ ಮೇಲೆ ಅಂಟು ಬೆರೆಸಿ ಹಚ್ಚುತ್ತಿದ್ದರು, ಹಾಗಾಗಿ ಮೊದಲು ಉದುರುವುದೂ ಅದೇ.

ಸಿಮೆಂಟ್ ಗೋಡೆಗೆ ಡಿಸ್ಟೆಂಪರ್ ಬಳಿದು ಫ್ರೆಸ್ಕೊ ಮಾಡೀನಿ ಅಂತ ಫೋಟೊ ಕಳಿಸುವವರು ಇದನ್ನು ಇನ್ನೊಮ್ಮೆ ಓದಿ.